ಮೂರನೆಯ ಸಾಲಿನ ಪ್ರಯಾಣಿಕ

ಆ ಹಡಗಿನ ಎಂಟನೆಯ ಅಂತಸ್ತಿನಲ್ಲಿ, ಪೂರ್ವಕ್ಕೆ ಬಾಲ್ಕನಿ ಇದ್ದ ಎಂಟುನೂರ ಹದಿನಾಲ್ಕನೆಯ ಕೋಣೆಯಲ್ಲಿ, ನಾಲ್ಕು ರಾತ್ರಿ ಐದು ಹಗಲು ಪ್ರಯಾಣ ಮಾಡಿದ್ದು ನನ್ನ ಭಾವನ ಕಪ್ಪು ಕೋಟು. ಅದರ ಜೊತೆಗಾರರೆಂದು ಎರಡನೆಯ ಅಂತಸ್ತಿನ ಕಿಟಕಿಯಿಲ್ಲದ ಕೋಣೆಯಲ್ಲಿ ಹೋಗಿಬಂದವರು ನಾನು ಮತ್ತು ನನ್ನ ಹೆಂಡತಿ. ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಿಲ್ಲ. ಹಡಗಿನ ದಾಖಲೆ ಹಾಗೆ ಹೇಳುತ್ತದೆ. ಮೂವತ್ತೊಂದು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಆವಕ-ಜಾವಕ ಗುಮಾಸ್ತನಾಗಿದ್ದ ನಾನು, ದಾಖಲೆಯಲ್ಲಿ ಇರುವುದು ನಿಜ, ಇಲ್ಲದ್ದು ಗಾಳಿಮಾತು ಎಂದು ನಂಬಿ ಬದುಕಿದವನು.

ನಾವು ಹಡಗು ಹತ್ತುವಂಥ ಜನವಲ್ಲ. ನಾನು ನಿವೃತ್ತನಾದ ದಿನ ಕಚೇರಿಯವರು ವಾಡಿಕೆಯಂತೆ ಗೋಡೆ ಗಡಿಯಾರ ಕೊಡಬೇಕಿತ್ತು. ಆ ತಿಂಗಳು ನನಗಿಂತ ಮುಂಚೆ ಹನ್ನೊಂದು ಮಂದಿ ನಿವೃತ್ತರಾಗಿ ಅಂಗಡಿಯಲ್ಲಿ ಗಡಿಯಾರಗಳೇ ಮುಗಿದುಹೋಗಿದ್ದವು. ಹಾಗಾಗಿ ನನಗೆ, ಇಬ್ಬರು ಹೋಗಿಬರುವ ಹಡಗಿನ ಪ್ರವಾಸದ ಚೀಟಿ ಕೊಟ್ಟರು. ಗಡಿಯಾರವಾದರೆ ಗೋಡೆಯ ಮೇಲಿರುತ್ತಿತ್ತಲ್ಲ ಎಂದು ನಾನು ಸ್ವಲ್ಪ ಪೇಚಾಡಿದೆ. ನನ್ನ ಹೆಂಡತಿ ಮಾತ್ರ ಚೀಟಿಯನ್ನು ದೇವರ ಮುಂದಿಟ್ಟು ದೀಪ ಹಚ್ಚಿದಳು.

ಅವಳಿಗೆ ಒಂದು ಆಸೆಯಿತ್ತು. ಎಷ್ಟೋ ವರ್ಷದಿಂದ ಅವಳು ಸೂರ್ಯ ಹುಟ್ಟುವುದನ್ನು ನೋಡಿದ್ದು ಎದುರಿನ ನೀರಿನ ಟ್ಯಾಂಕಿನ ಹಿಂದಿನಿಂದ. ಅವನು ಟ್ಯಾಂಕು ದಾಟಿ ಮೇಲೆ ಬರುವಷ್ಟರಲ್ಲಿ ಒಂಬತ್ತು ಗಂಟೆಯಾಗಿ, ಸೂರ್ಯನಿಗೂ ಬೇಸರ, ಇವಳಿಗೂ ಬೇಸರ. ಆ ಟ್ಯಾಂಕು ಕಟ್ಟಲು ಅನುಮತಿ ಪತ್ರವನ್ನು ಮುದ್ರೆ ಒತ್ತಿ ಜಾವಕ ಮಾಡಿದವನು ನಾನೇ. ಇಪ್ಪತ್ತಾರು ವರ್ಷವಾದರೂ ಅವಳು ಅದನ್ನು ಮರೆತಿಲ್ಲ.

"ಒಂದೇ ಒಂದು ಸಲ ರೀ, ನಡುವೆ ಏನೂ ಅಡ್ಡ ಇಲ್ಲದೆ, ನೀರಿನಿಂದ ಏಳೋ ಸೂರ್ಯನಿಗೆ ಕೈಮುಗೀಬೇಕು. ಟ್ಯಾಂಕಿಗೆ ಮುಗಿದೂ ಮುಗಿದೂ ಸಾಕಾಯ್ತು" ಎಂದಳು.

ಆಗಲಿ ಎಂದು ನಾನು ಬುಕಿಂಗ್ ಕಚೇರಿಗೆ ಹೋದೆ. ಅಲ್ಲಿದ್ದ ಹೆಣ್ಣುಮಗಳು ಹಲ್ಲು ಕಾಣುವಂತೆ ನಕ್ಕು, ಕೋಣೆಗಳಲ್ಲಿ ಐದು ವರ್ಗ ಇರುವುದಾಗಿ ವಿವರಿಸಿದಳು. ಮೇಲಿನವು ಮಹಾರಾಜ ವರ್ಗ ಮತ್ತು ಬಾಲ್ಕನಿ ವರ್ಗ, ನಡುವೆ ಕಿಟಕಿ ವರ್ಗ, ಅದರ ಕೆಳಗೆ ಒಳಕೋಣೆ. ಐದನೆಯದಕ್ಕೆ 'ಕಂಪನಿ ಕೊಟ್ಟದ್ದು' ಎಂದು ಹೆಸರು. ನನ್ನ ಚೀಟಿಗೆ ಕಿಟಕಿ ವರ್ಗ ಅಥವಾ ಈ ಐದನೆಯದು, ಎರಡರಲ್ಲಿ ಒಂದು.

"ಐದನೇದರಲ್ಲಿ ಏನು ಸಿಗುತ್ತಮ್ಮ?"

"ಕಂಪನಿ ಏನು ಕೊಟ್ಟರೆ ಅದು ಸಾರ್. ಅದೃಷ್ಟ ಇದ್ದರೆ ಮಹಾರಾಜ ವರ್ಗವೂ ಸಿಗಬಹುದು."

"ಯಾರಿಗಾದರೂ ಸಿಕ್ಕಿದೆಯೇ?"

"ಸಿಗಬಹುದು ಸಾರ್."

ನಾನು ಚಿಕ್ಕಂದಿನಿಂದ ದೇವರನ್ನು ನಂಬಿದವನು. ಇಂಥದೇ ಬೇಕೆಂದು ಹಟ ಹಿಡಿಯುವುದು, ಕೊಡುವವನ ಕೈಯನ್ನು ಎಳೆದಂತೆ ಎಂದು ನಮ್ಮ ಊರ ಶಾಲೆಯ ಮೇಷ್ಟರು ಹೇಳುತ್ತಿದ್ದರು. ಆದ್ದರಿಂದ 'ಕಂಪನಿ ಕೊಟ್ಟದ್ದು' ಎಂಬಲ್ಲಿ ಗುರುತು ಹಾಕಿ ಬಂದೆ. ಮನೆಯಲ್ಲಿ ವಿಷಯ ತಿಳಿದಾಗ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ದೇವರಿಗೆ ಬಿಟ್ಟಿದ್ದರೆ ನಾನೇನೂ ಅಂತಿರಲಿಲ್ಲ. ನೀವು ಬಿಟ್ಟಿದ್ದು ಕಂಪನಿಗೆ!"

ಅರ್ಜಿಯ ಜೊತೆಗೆ ಉಡುಪಿನ ಕೈಪಿಡಿ ಎಂಬ ನಲವತ್ತೆಂಟು ಪುಟದ ಪುಸ್ತಕ ಬಂತು. ಹಡಗಿನಲ್ಲಿ ಹಗಲು 'ಸರಳ', ಸಂಜೆ ನಾಲ್ಕರಿಂದ 'ಅರೆ ಗಂಭೀರ', ಆರರ ನಂತರ 'ಪೂರ್ಣ ಗಂಭೀರ' ಉಡುಪು ತೊಡತಕ್ಕದ್ದು. ಕಪ್ಪು ಕೋಟಿಲ್ಲದ ಗಂಡಸಿಗೆ ಊಟದ ಸಭಾಂಗಣಕ್ಕೆ ಪ್ರವೇಶವಿಲ್ಲ. ಬರಹವಿರುವ ಬಟ್ಟೆ ಎಲ್ಲಿಯೂ ನಿಷಿದ್ಧ. ಕೊನೆಯ ಪುಟದಲ್ಲಿ ಅರ್ಧ ಭಾಗವನ್ನು ಸುರಕ್ಷತೆಗೆ ಮೀಸಲಿಟ್ಟು, "ಹಡಗು ಸಂಜೆ ಆರರ ನಂತರ ಮುಳುಗಿದಲ್ಲಿ ಜೀವರಕ್ಷಕ ಅಂಗಿಯನ್ನು ಕೋಟಿನ ಒಳಗೆ ತೊಡತಕ್ಕದ್ದು" ಎಂದು ಸ್ಪಷ್ಟಪಡಿಸಿದ್ದರು.

ನನ್ನಲ್ಲಿ ಕೋಟಿರಲಿಲ್ಲ. ಭಾವನಲ್ಲಿ, ಅಂದರೆ ನನ್ನ ಹೆಂಡತಿಯ ಅಣ್ಣನಲ್ಲಿ, ಒಂದಿತ್ತು. ಅವನು ಅದನ್ನು ಹೊಲಿಸಿ ಇಪ್ಪತ್ತೆರಡು ವರ್ಷವಾಗಿತ್ತು. ಎರಡು ಸಲ ತೊಟ್ಟಿದ್ದ. ಎರಡನೆಯ ಸಲ ಎಡತೋಳು ಹರಿದಿತ್ತು.

"ತಗೊಂಡು ಹೋಗು. ಆದರೆ ಒಂದು ಮಾತು, ಕೋಟನ್ನ ಹುಷಾರಾಗಿ ನೋಡ್ಕೋ. ನೀನು ಹೇಗಾದರೂ ಇರು" ಎಂದ ಭಾವ. ಈ ಮಾತು ಮುಂದೆ ಹೀಗೆ ಫಲಿಸುತ್ತದೆಂದು ಅವನಿಗೂ ಗೊತ್ತಿರಲಿಲ್ಲ.

ನನ್ನ ಹೆಂಡತಿ ಆ ತೋಳಿಗೆ ಎರಡು ಗಟ್ಟಿ ಹೊಲಿಗೆ ಹಾಕಿದಳು. ನಾನು ಮೇಜಿನ ಮುಂದೆ ಕೂತು ಅರ್ಜಿ ತುಂಬಿದೆ. ಪ್ರಯಾಣಿಕರ ವಿವರಕ್ಕೆ ಅದರಲ್ಲಿ ಮೂರು ಸಾಲು ಇದ್ದವು. ನಾವಿದ್ದದ್ದು ಇಬ್ಬರು. ಅಡಿಯಲ್ಲಿ ದಪ್ಪ ಅಕ್ಷರದಲ್ಲಿ, "ಯಾವುದೇ ಸಾಲನ್ನು ಖಾಲಿ ಬಿಟ್ಟ, ಹೊಡೆದುಹಾಕಿದ ಅಥವಾ ಅಡ್ಡಗೆರೆ ಎಳೆದ ಅರ್ಜಿಯನ್ನು ಕಾರಣ ತಿಳಿಸದೆ ತಿರಸ್ಕರಿಸಲಾಗುವುದು" ಎಂದಿತ್ತು.

ಖಾಲಿ ಸಾಲಿನ ಅಪಾಯ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಕೈಯಿಂದಲೇ ಎಷ್ಟೋ ಬಡಾವಣೆಗಳ ಅರ್ಜಿಗಳು ಒಂದು ಖಾಲಿ ಸಾಲಿಗಾಗಿ ವಾಪಸು ಹೋಗಿ, ಜನ ಇನ್ನೂ ಬಾವಿಯಿಂದ ಸೇದುತ್ತಿದ್ದಾರೆ. ಸುಳ್ಳು ಬರೆಯುವ ಅಭ್ಯಾಸವೂ ನನಗಿಲ್ಲ. ನಮ್ಮ ಜೊತೆ ಮೂರನೆಯದಾಗಿ ಏನು ಬರುತ್ತಿದೆ ಎಂದು ಯೋಚಿಸಿ, ಇರುವುದನ್ನು ಇರುವಂತೆ ಬರೆದೆ. ಹೆಸರು: ಕಪ್ಪು ಕೋಟು. ವಯಸ್ಸು: ಇಪ್ಪತ್ತೆರಡು. ಸಂಬಂಧ: ಹೆಂಡತಿಯ ಅಣ್ಣನ ಕಡೆಯಿಂದ. ತೂಕ ಎಂಬಲ್ಲಿ ಒಂದೂವರೆ ಕಿಲೋ ಎಂದೂ, ಉಡುಪು ಎಂಬಲ್ಲಿ ಸದಾಕಾಲ ಪೂರ್ಣ ಗಂಭೀರ ಎಂದೂ, ಆಹಾರದಲ್ಲಿ ಏನೂ ಬೇಡವೆಂದೂ ಬರೆದೆ. ಹಿಂದಿನ ಚಿಕಿತ್ಸೆಗಳೇನಾದರೂ ಇದ್ದರೆ ತಿಳಿಸಿ ಎಂಬಲ್ಲಿ, ಎಡತೋಳಿಗೆ ಎರಡು ಹೊಲಿಗೆ ಹಾಕಲಾಗಿದೆ. ಮಲಗುವ ವ್ಯವಸ್ಥೆ ಎಂಬ ಕಡೆ, ನೇತುಹಾಕಿದರೆ ಸಾಕು.

ಅರ್ಜಿ ಸ್ವೀಕೃತವಾಯಿತು. ಒಂದೇ ಅರ್ಜಿಯಲ್ಲಿ ಮೂರನೆಯವರು ಉಚಿತ ಎಂಬ ಕೊಡುಗೆ ಆ ತಿಂಗಳು ಚಾಲ್ತಿಯಲ್ಲಿತ್ತಂತೆ.

ಹಡಗು ಹತ್ತುವ ದಿನ ಗಾಜಿನ ಹಿಂದೆ ಕುಳಿತ ಅಧಿಕಾರಿಣಿ ನಮ್ಮಿಬ್ಬರ ಮುಖ ನೋಡಿ, ಕಾಗದ ನೋಡಿ, "ಮೂರನೆಯವರು ಎಲ್ಲಿ? ಶ್ರೀ ಕೆ. ಕೋಟು?" ಎಂದಳು.

ನಾನು ಚೀಲದ ಜಿಪ್ಪು ಎಳೆದು ಕೋಟನ್ನು ಹೊರತೆಗೆದು ತೋರಿಸಿದೆ. ಅವಳು ಕೋಟನ್ನು ನೋಡಿದಳು. ಕಾಗದವನ್ನು ನೋಡಿದಳು. ಕಪ್ಪು ಎಂದಿತ್ತು, ಕಪ್ಪಗಿತ್ತು. ಒಂದೂವರೆ ಕಿಲೋ ಎಂದಿತ್ತು, ತೂಗಿದರೆ ಸರಿಯಾಗಿ ಅಷ್ಟೇ ಬಂತು. ನನ್ನ ಹೆಂಡತಿಯ ತೂಕವೇ ಅರ್ಜಿಗಿಂತ ನಾಲ್ಕು ಕಿಲೋ ಹೆಚ್ಚಿತ್ತು. ಮೂವರಲ್ಲಿ ದಾಖಲೆಗೆ ಅಕ್ಷರಶಃ ಹೊಂದಿದ್ದು ಕೋಟು ಒಂದೇ.

"ಪ್ರಯಾಣಿಕರನ್ನು ಚೀಲದಲ್ಲಿ ತುಂಬಿ ತರುವಂತಿಲ್ಲ ಸಾರ್" ಎಂದು ಅವಳು ಮೆಲ್ಲಗೆ ಗದರಿದಳು. "ನಡೆಯಲು ಆಗದವರಿಗೆ ನಮ್ಮಲ್ಲಿ ಗಾಲಿಕುರ್ಚಿ ಇದೆ. ಕೇಳಬೇಕಿತ್ತು."

ಗಾಲಿಕುರ್ಚಿ ಬಂತು. ಕೋಟನ್ನು ಹ್ಯಾಂಗರ್ ಸಮೇತ ಕೂರಿಸಿ, ಮಡಿಲಿಗೆ ಹೂಗುಚ್ಛ ಇಟ್ಟು, ಬಿಳಿ ಕೈಗವಸು ತೊಟ್ಟ ಮೇಲ್ವಿಚಾರಕನೊಬ್ಬ ತಳ್ಳಿಕೊಂಡು ಹೋದ. ಕೋಣೆ ಹಂಚಿಕೆಯ ನಿಯಮದಂತೆ ಸದಾಕಾಲ ಪೂರ್ಣ ಗಂಭೀರವಾಗಿರುವ ಪ್ರಯಾಣಿಕರಿಗೆ ಬಾಲ್ಕನಿ ವರ್ಗದಲ್ಲಿ ಆದ್ಯತೆ. ಕಂಪನಿ ಕೋಟಿಗೆ ಕೊಟ್ಟದ್ದು ಎಂಟುನೂರ ಹದಿನಾಲ್ಕು. ನಮಗೆ ಕೊಟ್ಟದ್ದು ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಇನ್ನೂರ ಏಳು. ಅದಕ್ಕೆ ಕಿಟಕಿಯಿರಲಿಲ್ಲ, ಆದರೆ ಕಿಟಕಿಯ ಪರದೆ ಇತ್ತು. ಪರದೆ ಸರಿಸಿದರೆ ಗೋಡೆ. ಟಿವಿಯ ನಾಲ್ಕನೆಯ ಚಾನೆಲ್ಲಿನಲ್ಲಿ ಹಗಲಿರುಳೂ ಸಮುದ್ರವನ್ನು ತೋರಿಸುತ್ತಿದ್ದರು.

"ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ" ಎಂದು ಹೆಂಡತಿ ಮಂಚದ ಮೇಲೆ ಕೂತಳು. "ನಮ್ಮಣ್ಣ ಬರದೆ ಇದ್ದರೂ ನಮ್ಮಣ್ಣನ ಕೋಟು ಬಾಲ್ಕನೀಲಿ. ನನ್ನ ಗಂಡ ಬಂದರೂ ನಾನು ಗೋಡೆ ಮುಂದೆ."

ಆರು ಗಂಟೆಯಾಯಿತು. ಊಟದ ಸಭಾಂಗಣಕ್ಕೆ ಕೋಟು ಬೇಕಲ್ಲ, ತೊಟ್ಟುಕೊಂಡು ಬರೋಣವೆಂದು ನಾನು ಎಂಟನೆಯ ಅಂತಸ್ತಿಗೆ ಹೋದೆ. ಬಾಗಿಲ ಬಳಿ ಬಿಳಿಗವಸಿನವನು ಅಡ್ಡ ನಿಂತ.

"ಕ್ಷಮಿಸಬೇಕು ಸಾರ್. ನಿಯಮ ನಲವತ್ತೇಳು. ಯಾವ ಪ್ರಯಾಣಿಕರೂ ಇನ್ನೊಬ್ಬ ಪ್ರಯಾಣಿಕರನ್ನು ತೊಡುವಂತಿಲ್ಲ."

"ಅಪ್ಪಾ, ಅದು ಕೋಟು."

"ಹೌದು ಸಾರ್, ಕೋಟು ಅವರೇ. ಅವರು ಈಗ ಊಟಕ್ಕೆ ಹೊರಡುತ್ತಿದ್ದಾರೆ. ತಾವು ದಾರಿ ಬಿಟ್ಟರೆ ಒಳ್ಳೆಯದು."

ಗಾಲಿಕುರ್ಚಿ ನನ್ನ ಮುಂದೆಯೇ ಉರುಳಿಹೋಯಿತು. ನಾನು ಗೋಡೆಗೆ ಒರಗಿ ದಾರಿ ಬಿಟ್ಟೆ. ಹಿರಿಯರ ಕಡೆಯದು, ಮರ್ಯಾದೆ ಕೊಡಬೇಕು.

ಬಾಡಿಗೆ ಕೋಟುಗಳೂ ಹಡಗಿನಲ್ಲಿದ್ದವು. ಆದರೆ ಕಳವಾಗಬಾರದೆಂದು ಅವುಗಳ ಬೆನ್ನ ಮೇಲೆ 'ಬಾಡಿಗೆಯದು' ಎಂದು ಬರೆದಿದ್ದರು. ಬರಹವಿರುವ ಬಟ್ಟೆಗೆ ಪ್ರವೇಶವಿರಲಿಲ್ಲ. ಅವುಗಳನ್ನು ಯಾರೂ ಪಡೆಯದ ಕಾರಣ ಒಂದೂ ಕಳವಾಗಿಲ್ಲವೆಂದು ಆ ವಿಭಾಗಕ್ಕೆ ಪ್ರಶಸ್ತಿ ಬಂದಿತ್ತು. ನಾನು ಹೊರಗಿನ ಬೆಂಚಿನ ಮೇಲೆ ಬ್ರೆಡ್ಡು ಬೆಣ್ಣೆ ತಿಂದೆ. ನನ್ನ ಹೆಂಡತಿಗೆ ರೇಷ್ಮೆ ಉಡುಪು ಇತ್ತು, ಅವಳು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. "ನಿಮ್ಮನ್ನ ಹೊರಗೆ ಬಿಟ್ಟು ನಾನು ಒಳಗೆ ಉಂಡರೆ ಮೈಗೆ ಹತ್ತುತ್ತಾ?" ಎಂದು ನನ್ನ ಬ್ರೆಡ್ಡಿನಲ್ಲಿ ದೊಡ್ಡ ಪಾಲನ್ನು ಮುರಿದುಕೊಂಡಳು.

ಗಾಜಿನ ಬಾಗಿಲಿನಿಂದ ಒಳಗಿನದೆಲ್ಲ ಕಾಣುತ್ತಿತ್ತು. ಕೋಟನ್ನು ಮುತ್ತಿನ ಸರ ಹಾಕಿದ ಒಬ್ಬ ಅಜ್ಜಿಯ ಪಕ್ಕ ಕೂರಿಸಿದ್ದರು. ಒಂದಾದ ಮೇಲೊಂದು ಏಳು ಬಗೆ ತಂದು ಕೋಟಿನ ಮುಂದಿಟ್ಟು, ಕಾದು, ತೆಗೆದರು. ಅಜ್ಜಿ ಸೂಪಿನಿಂದ ಹಣ್ಣಿನವರೆಗೂ ಮಾತಾಡುತ್ತಲೇ ಇದ್ದಳು. ಹೊರಗೆ ಬಂದವಳು ನಮ್ಮನ್ನು ಕಂಡು ಹತ್ತಿರ ಬಂದಳು.

"ನೀವೇನಾ ಅವರ ಕಡೆಯವರು? ಎಂಥಾ ಸಂಸ್ಕಾರ ಅಮ್ಮಾ! ಮೂವತ್ತು ವರ್ಷದಿಂದ ಹಡಗು ಹತ್ತಿ ಇಳೀತಿದೀನಿ, ಹೆಂಗಸರು ಮಾತಾಡುವಾಗ ನಡುವೆ ಬಾಯಿ ಹಾಕದ ಗಂಡಸನ್ನ ಇವತ್ತೇ ನೋಡಿದ್ದು."

"ನಮ್ಮಣ್ಣನ ಕಡೆಯವರೆಲ್ಲ ಹಾಗೇನೇ" ಎಂದಳು ನನ್ನ ಹೆಂಡತಿ, ನನ್ನ ಕಡೆ ನೋಡುತ್ತ.

ಮಾರನೆಯ ದಿನ ಕತ್ತಲಿರುವಾಗಲೇ ಎದ್ದು, ಮುಖ ತೊಳೆದು, ನಾವಿಬ್ಬರೂ ಹಡಗಿನ ಮುಂಭಾಗದಲ್ಲಿದ್ದ ಉದಯ ಕಟ್ಟೆಗೆ ಹೋದೆವು. ಬಾಗಿಲಿಗೆ ಹಗ್ಗ ಕಟ್ಟಿ ಪ್ರಕಟಣೆ ಅಂಟಿಸಿದ್ದರು.

"ಬೆಳಗಿನ ಬೆಳಕು ಪರಿಮಿತವಾಗಿರುವುದರಿಂದ ಬಾಲ್ಕನಿ ವರ್ಗದವರಿಗೆ ಸೂರ್ಯೋದಯ ಬೆಳಿಗ್ಗೆ ಆರು ಹತ್ತಕ್ಕೆ. ಕಿಟಕಿ ವರ್ಗದವರಿಗೆ ಏಳು ಗಂಟೆಗೆ. ಒಳಕೋಣೆಯವರಿಗೆ ಎಂಟು ಗಂಟೆಗೆ. ಸಹಕರಿಸಿ."

ನಾನು ವಿಚಾರಣೆಯ ಮೇಜಿಗೆ ಹೋದೆ. ಗಾಜಿನ ಹಿಂದಿನ ಅಧಿಕಾರಿಣಿಯೇ ಅಲ್ಲಿಯೂ ಇದ್ದಳು.

"ತಾಯಿ, ಎಂಟು ಗಂಟೆಗೆ ಸೂರ್ಯ ಹುಟ್ಟೋದಿಲ್ಲ. ಹುಟ್ಟಿ ಎರಡು ಗಂಟೆ ಆಗಿರುತ್ತೆ."

"ಹುಟ್ಟಿದ್ದು ಹುಟ್ಟಿದ್ದೇ ಅಲ್ವಾ ಸಾರ್? ಯಾವಾಗ ನೋಡಿದರೂ ಅದೇ ಸೂರ್ಯ."

ಈ ಮಾತಿನಲ್ಲಿ ವೇದಾಂತವಿತ್ತು. ಹೆಂಡತಿ ಹಗ್ಗದ ಈಚೆ ನಿಂತು, ಮುಂದಿದ್ದ ಬಾಲ್ಕನಿಯವರ ಬೆನ್ನುಗಳನ್ನು ನೋಡಿ ಹಿಂತಿರುಗಿದಳು. "ಟ್ಯಾಂಕೇ ವಾಸಿ. ಅದು ಒಂದೇ ಇತ್ತು" ಎಂದಳು. "ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇನೇ."

ಕೋಟಿನ ಕೋಣೆಯನ್ನು ನಮ್ಮ ಕೋಣೆಯೊಂದಿಗೆ ಅದಲುಬದಲು ಮಾಡಿಕೊಡಿ ಎಂದು ಅರ್ಜಿ ಬರೆದೆ. ಎಂಟುನೂರ ಹದಿನಾಲ್ಕರವರ ಲಿಖಿತ ಒಪ್ಪಿಗೆ ಬೇಕೆಂದರು. ಅರ್ಜಿಯನ್ನೂ ಪೆನ್ನನ್ನೂ ಕೋಟಿನ ಮುಂದೆ ಒಂದು ದಿನ ಇಟ್ಟರು. ಅದು ಬರೆಯಲಿಲ್ಲ.

"ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲಮ್ಮ" ಎಂದೆ ಅಧಿಕಾರಿಣಿಗೆ.

"ಅದು ಸರಳ ಉಡುಪಿನವರಿಗೆ ಸಾರ್. ಪೂರ್ಣ ಗಂಭೀರದವರ ಮೌನ ನಿರಾಕರಣೆ ಅಂತ ಕೈಪಿಡೀಲಿ ಇದೆ, ಪುಟ ಮೂವತ್ತೊಂದು."

ನೋಡಿದೆ. ಇತ್ತು. ಇದ್ದ ಮೇಲೆ ಮುಗಿಯಿತು.

ಹೋಗಲಿ, ಇನ್ನೊಂದು ಸಂದೇಹ ಕೇಳೋಣವೆಂದು, "ಹಡಗು ತಿರುಗಿ ಬರುವಾಗ ಆ ಬಾಲ್ಕನಿ ಪಶ್ಚಿಮಕ್ಕೆ ಬರುತ್ತದಲ್ಲವೇ?" ಎಂದೆ. ಅವಳು ಪುಸ್ತಕ ತೆರೆದು ನೋಡಿ, ಕೋಣೆ ಪೂರ್ವ ಎಂದು ನೋಂದಣಿಯಾಗಿರುವುದರಿಂದ ಪೂರ್ವಕ್ಕೇ ಇರುತ್ತದೆ ಎಂದಳು. ಹಡಗು ಮೂರನೆಯ ದಿನ ತಿರುಗಿತು. ಆ ಸಂಜೆ ಬಾಲ್ಕನಿಯಲ್ಲಿದ್ದವರೆಲ್ಲ ಸೂರ್ಯ ಮುಳುಗುವುದನ್ನು ನೋಡಿ ಸೂರ್ಯೋದಯ ಚೆನ್ನಾಗಿತ್ತೆಂದು ಸಹಿ ಹಾಕಿದರು.

ಎರಡನೆಯ ಬೆಳಗು ಹೋಯಿತು; ಮೂರನೆಯದೂ ಹೋಯಿತು. ಉಳಿದದ್ದು ಕೊನೆಯದೊಂದೇ. ಅದಾದ ಮೇಲೆ ಎಂಟು ಗಂಟೆಗೆ ಹಡಗು ದಡ ಸೇರುತ್ತದೆ. ಆಮೇಲೆ ಮನೆ, ಮನೆಯ ಎದುರಿಗೆ ಟ್ಯಾಂಕು. ನನ್ನ ಹೆಂಡತಿ ಜಗಳವಾಡುವುದನ್ನೂ ನಿಲ್ಲಿಸಿದಳು. ಅವಳು ಜಗಳವಾಡುತ್ತಿದ್ದರೆ ನನಗೆ ಧೈರ್ಯ. ಪರದೆ ಸರಿಸಿ ಗೋಡೆಯನ್ನು ನೋಡುತ್ತ ಕೂರುತ್ತಿದ್ದಳು.

ಕೊನೆಯ ಸಂಜೆ ಸಭಾಂಗಣದಲ್ಲಿ ಸಂಗೀತ, ನೃತ್ಯ. ನಾವು ಎಂದಿನಂತೆ ಗಾಜಿನ ಹೊರಗೆ. ಮುತ್ತಿನ ಸರದ ಅಜ್ಜಿ ಗಾಲಿಕುರ್ಚಿಯಿಂದ ಕೋಟನ್ನು ಎತ್ತಿ, ಅದರ ಎಡತೋಳು ಹಿಡಿದು ಕುಣಿಯಲು ಶುರುಮಾಡಿದಳು. ಜನ ಚಪ್ಪಾಳೆ ತಟ್ಟಿದರು. ಕೋಟು ಹಗುರವಾಗಿ, ತಪ್ಪಿಲ್ಲದೆ ಕುಣಿಯಿತು. ಕ್ಯಾಪ್ಟನ್ ಕೂಡ ಎದ್ದು ನಿಂತು ನೋಡಿದ.

ಇದ್ದಕ್ಕಿದ್ದಂತೆ ನನ್ನ ಹೆಂಡತಿ ಗಾಜಿಗೆ ಮೂಗು ಒತ್ತಿದಳು.

"ರೀ, ನನ್ನ ಹೊಲಿಗೆ ಬಿಡ್ತಾ ಇದೆ."

"ಎಲ್ಲಿ?"

"ಎಡತೋಳು. ಆ ಮುದುಕಿ ಜಗ್ತಾ ಇದಾಳೆ ನೋಡಿ. ಹೋಯ್ತು. ಒಂದು ಹೋಯ್ತು. ಎರಡೂ ಹೋಯ್ತು!"

ತೋಳು ಕಿತ್ತು ಅಜ್ಜಿಯ ಕೈಯಲ್ಲಿ ಉಳಿಯಿತು. ಅಜ್ಜಿ ಚೀರಿದಳು. ವಾದ್ಯಗಳು ನಿಂತವು. ಧ್ವನಿವರ್ಧಕದಲ್ಲಿ, "ಬಾಲ್ಕನಿ ವರ್ಗದ ಪ್ರಯಾಣಿಕರೊಬ್ಬರಿಗೆ ಗಾಯವಾಗಿದೆ. ಗಂಭೀರ ಉಡುಪಿನವರು ಗಂಭೀರವಾಗಿಯೂ ಉಳಿದವರು ಶಾಂತವಾಗಿಯೂ ಇರತಕ್ಕದ್ದು" ಎಂದು ಪ್ರಕಟಿಸಿದರು.

ಕೋಟನ್ನು ಆಸ್ಪತ್ರೆಯ ಕೋಣೆಗೆ ಒಯ್ದರು. ನಾವು ಹಿಂದೆಯೇ ಓಡಿದೆವು. ಹಡಗಿನ ವೈದ್ಯ ಕೋಟನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಗುಂಡಿ ಬಿಚ್ಚಿ, ಎದೆಗೆ ಕೊಳವೆ ಇಟ್ಟು ಕೇಳಿ, "ಮೊದಲಿನಿಂದಲೂ ಹೀಗೇನಾ?" ಎಂದ.

"ಇಪ್ಪತ್ತೆರಡು ವರ್ಷದಿಂದ" ಎಂದೆ.

ವೈದ್ಯ ನಮ್ಮ ಅರ್ಜಿಯನ್ನು ತರಿಸಿ ಓದಿದ. "ಎಡತೋಳಿಗೆ ಹಿಂದೆಯೇ ಎರಡು ಹೊಲಿಗೆ ಹಾಕಿದೆ ಅಂತ ಇದೆ. ಆ ಚಿಕಿತ್ಸೆ ಮಾಡಿದವರು ಯಾರು?"

"ನಾನೇ" ಎಂದಳು ನನ್ನ ಹೆಂಡತಿ.

ವೈದ್ಯ ತಟ್ಟನೆ ಎದ್ದು ನಿಂತ. ತನ್ನ ಕುರ್ಚಿಯನ್ನು ಅವಳ ಕಡೆ ತಳ್ಳಿ, "ಮೊದಲೇ ಹೇಳಬಾರದಿತ್ತೇ ಡಾಕ್ಟರಮ್ಮ? ಕೂತುಕೊಳ್ಳಿ" ಎಂದ.

ಅವಳು ನನ್ನ ಮುಖ ನೋಡಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಆ ನೋಟದ ಅರ್ಥ ನನಗೆ ಗೊತ್ತು: ಈಗ ನೀವು ಬಾಯಿ ಬಿಡಬೇಡಿ. ನಾನು ಬಿಡಲಿಲ್ಲ. ಅವಳು ಮಾತ್ರ ಸುಳ್ಳು ಹೇಳಿದಳೆಂದು ಯಾರೂ ಅನ್ನುವಂತಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದಳು, ಕೊಟ್ಟ ಕುರ್ಚಿಯಲ್ಲಿ ಕೂತಳು.

ಪ್ರಯಾಣಿಕರು ಸೂಜಿ ಇಟ್ಟುಕೊಳ್ಳುವುದು ಹಡಗಿನಲ್ಲಿ ಅಪರಾಧ. ಶಸ್ತ್ರವೈದ್ಯರು ಇಟ್ಟುಕೊಳ್ಳುವುದು ಕರ್ತವ್ಯ. ಆದ್ದರಿಂದ ಅವಳ ಹೆಸರಿನ ಮುಂದೆ ಮೊದಲು 'ಖಾಸಗಿ ಶಸ್ತ್ರವೈದ್ಯೆ' ಎಂದು ಬರೆದು, ಆಮೇಲೆ ಅವಳು ಚೀಲದಿಂದ ಸೂಜಿ ತೆಗೆಯಲು ಬಿಟ್ಟರು. ನಾಲಿಗೆಗೆ ದಾರ ತಾಗಿಸಿ, ಕಣ್ಣು ಕಿರಿದುಮಾಡಿ ಪೋಣಿಸಿದಳು. ಬಿಳಿಗವಸಿನವನು ದೀಪ ಹಿಡಿದ. ಬಾಗಿಲಾಚೆ ಮುತ್ತಿನ ಸರದ ಅಜ್ಜಿ ಎಲ್ಲ ದೇವರಿಗೂ ಹರಕೆ ಹೊರುತ್ತಿದ್ದಳು. ಈ ಸಲ ಆರು ಹೊಲಿಗೆ ಬಿದ್ದವು. ಕೊನೆಯ ದಾರವನ್ನು ಹಲ್ಲಿನಿಂದ ಕಚ್ಚಿ ಕಡಿದಾಗ ಹಡಗಿನ ವೈದ್ಯ, "ಈ ವಿಧಾನ ನಾವು ಓದುವಾಗ ಹೇಳಿಕೊಟ್ಟಿರಲಿಲ್ಲ" ಎಂದು ಗುರುತು ಮಾಡಿಕೊಂಡ.

"ಇನ್ನು ಆರೈಕೆ?" ಎಂದು ಕೇಳಿದ.

"ಎಳೆಬಿಸಿಲು" ಎಂದಳು ನನ್ನ ಹೆಂಡತಿ. "ನಾಳೆ ಬೆಳಿಗ್ಗೆ ಆರು ಹತ್ತಕ್ಕೆ ಉದಯ ಕಟ್ಟೆ ಮೇಲೆ, ಎಲ್ಲರಿಗಿಂತ ಮುಂದೆ ಇವರನ್ನ ಕೂರಿಸಬೇಕು. ನಡುವೆ ಯಾರ ಬೆನ್ನೂ ಅಡ್ಡ ಬರಬಾರದು. ನಾನು ಪಕ್ಕದಲ್ಲೇ ಇರಬೇಕು."

"ಆಗಲಿ. ತಮ್ಮ ಯಜಮಾನರೂ ಬರುತ್ತಾರೆಯೇ?"

ಅವಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ನಾನು ಆಸೆಯಿಂದ ನೋಡಿದೆ.

"ಇವರಿಗೇನು ಕಾಯಿಲೆ? ಚೆನ್ನಾಗೇ ಇದಾರೆ. ಬೇಡ."

ಟ್ಯಾಂಕಿನ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತೆಂದು ನಾನು ಅರ್ಥಮಾಡಿಕೊಂಡೆ.

ಬೆಳಿಗ್ಗೆ ಅವಳು ರೇಷ್ಮೆ ಉಟ್ಟು, ತಲೆ ಬಾಚಿ, ಹಡಗಿನವರು ಕೊಟ್ಟ ವೈದ್ಯರ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡು ಹೊರಟಳು. ನಾನು ಇನ್ನೂರ ಏಳರಲ್ಲಿ ಸ್ನಾನ ಮುಗಿಸಿ ನಾಲ್ಕನೆಯ ಚಾನೆಲ್ ಹಾಕಿಕೊಂಡು ಕೂತೆ. ಕಪ್ಪು ನೀರು, ಮೇಲೆ ಬೂದು ಆಕಾಶ. ಸ್ವಲ್ಪ ಹೊತ್ತಿಗೆ ಚಿತ್ರದ ಮೂಲೆಯಲ್ಲಿ ಗಾಲಿಕುರ್ಚಿ ಕಾಣಿಸಿತು, ಅದನ್ನು ತಳ್ಳಿಕೊಂಡು ನನ್ನ ಹೆಂಡತಿ. ಹಗ್ಗ ಹಿಡಿದವರು ಬಾಗಿ ದಾರಿ ಬಿಟ್ಟರು. ಬಾಲ್ಕನಿಯವರೆಲ್ಲ ಹಿಂದೆ ಸರಿದರು. ಕಂಬಿಯ ಬಳಿ ಅವಳೂ ಕೋಟೂ ಇಬ್ಬರೇ.

ಆರು ಹತ್ತಕ್ಕೆ ನೀರಿನ ಅಂಚಿನಲ್ಲಿ ಕೆಂಪಗೆ ಒಂದು ಉಗುರಿನಷ್ಟು ಕಂಡಿತು. ನೋಡುತ್ತಿದ್ದಂತೆ ಅದು ಬೆಳೆದು, ನೀರನ್ನು ಒದರಿಕೊಂಡು ಮೇಲೆದ್ದಿತು. ನಡುವೆ ಏನೂ ಇರಲಿಲ್ಲ. ಅವಳು ಕೈಮುಗಿದಳು. ಅದೇ ಹೊತ್ತಿಗೆ ಗಾಳಿ ಬೀಸಿ ಕೋಟಿನ ತೋಳುಗಳೆರಡೂ ಮೇಲೆದ್ದು ಎದೆಯ ಮುಂದೆ ಸೇರಿದವು. ಎಡತೋಳು ಭದ್ರವಾಗಿತ್ತು.

ನಾನೂ ಟಿವಿಗೆ ಕೈಮುಗಿದೆ. ಕಣ್ಣಿನಲ್ಲಿ ನೀರು ಬಂದದ್ದು ನಿಜ. ಪಕ್ಕದ ಕೋಣೆಯ ಸಾಬೂನಿನ ಹಬೆ ಸದಾ ಒಳಗೆ ಬರುತ್ತಿತ್ತು.

ದಡ ಸೇರುವ ಮೊದಲು ಕ್ಯಾಪ್ಟನ್ ಒಂದು ಸಣ್ಣ ಸಭೆ ನಡೆಸಿ, ಉಡುಪು, ನಡತೆ, ಮಿತಾಹಾರ ಮತ್ತು ದೂರು ಹೇಳದಿರುವಿಕೆಗಾಗಿ ಶ್ರೀ ಕೆ. ಕೋಟು ಅವರನ್ನು ಆ ಯಾನದ ಶ್ರೇಷ್ಠ ಪ್ರಯಾಣಿಕರೆಂದು ಘೋಷಿಸಿದ. ಬಹುಮಾನವಾಗಿ ಒಂದು ಗೋಡೆ ಗಡಿಯಾರ. ಮುತ್ತಿನ ಸರದ ಅಜ್ಜಿ ಅತ್ತಳು. ವಿಳಾಸ ಕೇಳಿದಳು, ಭಾವನದ್ದು ಕೊಟ್ಟೆ.

ಕೋಟನ್ನು ಭಾವನಿಗೆ ಒಪ್ಪಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವನು ಕೋಟನ್ನು ಎಡಬಲ ತಿರುಗಿಸಿ ನೋಡಿ, "ಸ್ವಲ್ಪ ಕಪ್ಪಗಾಗಿದೆ. ಬಿಸಿಲಿಗೆ" ಎಂದ. ಒಂದು ತಿಂಗಳಾದ ಮೇಲೆ ಹಡಗಿನ ಕಂಪನಿಯಿಂದ ಅವನ ಮನೆಗೆ ಪತ್ರ ಬಂತು. ಕೋಟು ಅವರನ್ನು ಮುಂದಿನ ವರ್ಷದ ಯಾನಕ್ಕೆ ಗೌರವ ಅತಿಥಿಯಾಗಿ ಆಹ್ವಾನಿಸಿದ್ದರು. ಜೊತೆಗೆ ಅವರ ಶಸ್ತ್ರವೈದ್ಯೆ ಮತ್ತು ಇನ್ನೊಬ್ಬರು ಬರಬಹುದು. ಭಾವ ಪತ್ರ ಹಿಡಿದು ಓಡಿಬಂದ.

"ನನ್ನ ಕೋಟಪ್ಪಾ ಅದು. ಆ ಇನ್ನೊಬ್ಬ ನಾನೇ ಅಲ್ವಾ?"

"ದಾಖಲೆಯಲ್ಲಿ ನೀವು ಇಲ್ಲ ಭಾವ. ನಾನಿದ್ದೇನೆ" ಎಂದೆ.

ಭಾವ ಯೋಚಿಸಿದ. ದಾಖಲೆಯಲ್ಲಿ ಇಲ್ಲದಿದ್ದದ್ದು ಅವನ ತಪ್ಪೇ ಎಂದು ಒಪ್ಪಿಕೊಂಡ. ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು, "ಅವರಿಗೆ ನನ್ನ ಬಗ್ಗೆ ಒಂದು ಮಾತು ಹೇಳಿಡು. ಹೊಲಿಸಿದೋನು ನಾನು ಅಂತ" ಎಂದ. 'ಅವರು' ಎಂದದ್ದು ಕೋಟನ್ನೇ.

ಮುಂದಿನ ಯಾನದವರೆಗೆ ಡಾಕ್ಟರಮ್ಮನ ಕಣ್ಣೆದುರೇ ಇರಲಿ ಎಂದು ಭಾವ ತಂದುಬಿಟ್ಟ ಕೋಟು ಈಗ ನಮ್ಮ ಮನೆಯಲ್ಲೇ ಇದೆ. ಟ್ಯಾಂಕು ಕಾಣದ ಕಿಟಕಿಯ ಪಕ್ಕ ಗೂಟ ಹೊಡೆದು ನೇತುಹಾಕಿದ್ದೇವೆ. ಅದರ ಮೇಲೆ ಗಡಿಯಾರ. ಮನೆಗೆ ಬಂದವರು ಮೊದಲು ಅದನ್ನು ವಿಚಾರಿಸಿ, ಡಾಕ್ಟರಮ್ಮನನ್ನು ಮಾತಾಡಿಸಿ, ಸಮಯವಿದ್ದರೆ ನನ್ನನ್ನೂ ನೋಡಿ ಹೋಗುತ್ತಾರೆ.

ನಿನ್ನೆ ಹೊಸ ಅರ್ಜಿ ಬಂತು. ಕೈಕಾಲು ತೊಳೆದು ಬಂದು ಮೇಜಿನ ಮುಂದೆ ಕೂತೆ. ಅದೇ ಮೂರು ಸಾಲು, ಅಡಿಯಲ್ಲಿ ಅದೇ ದಪ್ಪ ಅಕ್ಷರ. ಹೆಂಡತಿ ಹಿಂದೆ ನಿಂತು ನೋಡುತ್ತಿದ್ದಳು. ಮೊದಲನೆಯ ಸಾಲಿನಲ್ಲಿ ಕೋಟಿನ ಹೆಸರು ಬರೆದೆ, ಎರಡನೆಯದರಲ್ಲಿ ಅವಳದು. ಮೂರನೆಯದರಲ್ಲಿ ನನ್ನ ಹೆಸರು ಬರೆದು, ಸಂಬಂಧ ಎಂಬಲ್ಲಿ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತೆ.

"ಖಾಲಿ ಬಿಡಬೇಡಿ ಮತ್ತೆ" ಎಂದಳು.

ಬಿಡಲಿಲ್ಲ. ಕೋಟಿನ ಕಡೆಯವನು ಎಂದು ಬರೆದು, ಸಹಿ ಮಾಡಿದೆ.